ಫೋನ್ ಮಾಡದೆ ಬರಬೇಡಿ

2008ರ ಜುಲೈನಲ್ಲಿ ಮಗಳ ಬಾಣಂತನಕ್ಕೆಂದು ನಾನು ಅಮೆರಿಕಕ್ಕೆ ಹೋದೆ. ನಾರ್ತ್ ಕೆರೊಲಿನಾದ ಫಯೆಟ್‌ವಿಲ್ ಊರು. ಪಕ್ಕದಲ್ಲೇ ಫೋರ್ಟ್ ಬ್ರ್ಯಾಗ್, ಸೇನೆಯ ದೊಡ್ಡ ನೆಲೆ. ಅಳಿಯ ಅಲ್ಲಿ ಸಾರ್ಜೆಂಟ್ ಆಗಿದ್ದ. ಆದರೆ ನಾನು ಹೋದಾಗ ಅವನು ಮನೆಯಲ್ಲಿರಲಿಲ್ಲ. ಜನವರಿಯಲ್ಲೇ ಇರಾಕ್‌ಗೆ ಹೋಗಿದ್ದ. ಹದಿನೈದು ತಿಂಗಳ ಡಿಪ್ಲಾಯ್‌ಮೆಂಟ್, ಅಂದರೆ ಯುದ್ಧದ ಜಾಗದಲ್ಲಿ ಕೆಲಸದ ಸರದಿ.

ಮನೆ ಮುಟ್ಟಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಾಗಿಲ ಬೆಲ್. ಅದರ ಮೇಲೆ ನೀಲಿ ಟೇಪ್ ಅಂಟಿಸಿತ್ತು. ಕೆಳಗೊಂದು ಚೀಟಿ, ಮಗಳದೇ ಅಕ್ಷರ. ಫೋನ್ ಮಾಡದೆ ಬರಬೇಡಿ ಅಂತ ಬರೆದಿದ್ದಳು. ಹೊಟ್ಟೆ ಹೊತ್ತವಳು, ಮಧ್ಯಾಹ್ನ ಮಲಗುತ್ತಾಳೇನೋ, ನಿದ್ದೆ ಕೆಡದಿರಲಿ ಅಂತ ಹಾಗೆ ಮಾಡಿದ್ದಾಳೆ ಅಂದುಕೊಂಡೆ.

ಒಂದು ವಾರ ಆಗಿತ್ತು. ಸಂಜೆ ಹೊತ್ತು. ಅವಳು ಅಡುಗೆಮನೆಯ ಕಿಟಕಿ ಹತ್ತಿರ ನಿಂತು ಪಾತ್ರೆ ತೊಳೆಯುತ್ತಿದ್ದಳು. ಮನೆಮುಂದೆ ಇಬ್ಬರು ಬಂದರು. ಬಿಳಿ ಶರ್ಟು, ಕಪ್ಪು ಟೈ, ನೀಟಾಗಿ ಬಾಚಿದ ತಲೆ. ಮಗಳ ಕೈಯಿಂದ ಲೋಟ ಜಾರಿತು. ಸಿಂಕ್ ಹಿಡಿದುಕೊಂಡೇ ಮೆಲ್ಲಗೆ ನೆಲಕ್ಕೆ ಕುಸಿದಳು. ಎಂಟು ತಿಂಗಳ ಬಸುರಿ. ನಾನು ಓಡಿಹೋಗಿ ಹಿಡಿದೆ. ಏನಾಯ್ತು ಅಂತ ಕೇಳಿದರೆ ಬಾಯಿಂದ ಮಾತೇ ಬರಲಿಲ್ಲ, ಬಾಗಿಲ ಕಡೆ ಬೆರಳು ತೋರಿಸಿದಳು. ಬಾಗಿಲು ತೆಗೆದೆ. ಅವರು ಧರ್ಮಪ್ರಚಾರಕ್ಕೆ ಬಂದ ಹುಡುಗರು. ಕೈಯಲ್ಲಿ ಪುಸ್ತಕ ಇತ್ತು. ಇಪ್ಪತ್ತು ವರ್ಷ ಆಗಿರಬಹುದು ಅಷ್ಟೆ. ಪಾಪ, ಅವರಿಗೇನು ಗೊತ್ತು.

ಆ ರಾತ್ರಿ ಮಗಳು ಎಲ್ಲ ಹೇಳಿದಳು. ಸೈನಿಕ ಸತ್ತರೆ ಸೇನೆಯವರು ಫೋನ್‌ನಲ್ಲಿ ಹೇಳುವುದಿಲ್ಲ. ಯೂನಿಫಾರ್ಮ್ ಹಾಕಿಕೊಂಡು ಮನೆಗೇ ಬರುತ್ತಾರೆ. ಒಬ್ಬ ಅಧಿಕಾರಿ, ಜೊತೆಗೆ ಸಾಮಾನ್ಯವಾಗಿ ಸೇನೆಯ ಪಾದ್ರಿ. ಹಾಗಾಗಿ ಆ ಊರಿನಲ್ಲಿ ಇಬ್ಬರು ಒಟ್ಟಿಗೆ ಬಾಗಿಲಿಗೆ ಬಂದರೆ ಹೆಂಗಸರಿಗೆ ಉಸಿರು ನಿಲ್ಲುತ್ತದೆ. ನಡುರಾತ್ರಿಯಲ್ಲಿ ಮಾತ್ರ ಬರುವುದಿಲ್ಲವಂತೆ. "ಅದಕ್ಕೇ ಅಮ್ಮ, ಹನ್ನೆರಡು ಹೊಡೆದ ಮೇಲೇ ನನಗೆ ನಿದ್ದೆ ಬರೋದು. ಇನ್ನು ಬೆಳಗಾಗೋವರೆಗೂ ಯಾರೂ ಬರಲ್ಲ ಅಲ್ವಾ" ಅಂದಳು.

ಇಷ್ಟು ಮೊದಲೇ ಹೇಳಬೇಕಾಯಿತು, ಯಾಕೆಂದರೆ 'ಆರ್ಮಿ ವೈವ್ಸ್' ಧಾರಾವಾಹಿಯನ್ನು ನಾನು ನೋಡಿದ್ದು ಆ ಮನೆಯಲ್ಲಿ, ಆ ಬೆಲ್ ಇದ್ದ ಬಾಗಿಲ ಪಕ್ಕದ ಸೋಫಾದಲ್ಲಿ ಕೂತು. ಬೇರೆ ಎಲ್ಲೇ ನೋಡಿದ್ದರೂ ನನಗೆ ಅದು ಇಷ್ಟು ಹತ್ತಿರ ಆಗುತ್ತಿರಲಿಲ್ಲ.

ಲೈಫ್‌ಟೈಮ್ ಚಾನೆಲ್‌ನಲ್ಲಿ ಪ್ರತಿ ಭಾನುವಾರ ರಾತ್ರಿ ಬರುತ್ತಿತ್ತು. ಶುರುವಾದದ್ದು 2007ರ ಜೂನ್ 3ರಂದು. ನಾನು ಹೋದಾಗ ಎರಡನೇ ಸೀಸನ್ ನಡೆಯುತ್ತಿತ್ತು. ಮಗಳು ಮೊದಲ ಸೀಸನ್‌ನ ಹದಿಮೂರು ಕಂತುಗಳ ಡಿವಿಡಿ ತಂದುಕೊಟ್ಟಳು. "ಇದು ನೋಡು, ಆಮೇಲೆ ನಮ್ಮ ಜೊತೆ ಕೂತ್ಕೋ" ಅಂದಳು. ಅವರ ಮಾತು ನನಗೆ ಪೂರ್ತಿ ಕಿವಿಗೆ ಹತ್ತುತ್ತಿರಲಿಲ್ಲ. ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಂಡು ನಾಲ್ಕೇ ದಿನದಲ್ಲಿ ನೋಡಿ ಮುಗಿಸಿದೆ.

ಕಥೆ ನಡೆಯುವುದು ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಹತ್ತಿರದ ಫೋರ್ಟ್ ಮಾರ್ಷಲ್ ಎಂಬ ಕಲ್ಪಿತ ನೆಲೆಯಲ್ಲಿ. ನಾಲ್ಕು ಹೆಂಡತಿಯರು, ಒಬ್ಬ ಗಂಡ. ಕ್ಲಾಡಿಯಾ ಜಾಯ್ ದೊಡ್ಡ ಅಧಿಕಾರಿಯ ಹೆಂಡತಿ. ಡೆನೀಸ್ ಶಿಸ್ತಿನ ಮನೆಯವಳು, ಹದಿಹರೆಯದ ಮಗ ತನ್ನನ್ನು ಹೊಡೆಯುತ್ತಾನೆ ಎಂಬುದನ್ನು ಉದ್ದ ತೋಳಿನ ಅಂಗಿಯೊಳಗೆ ಮುಚ್ಚಿಟ್ಟವಳು. ಪಮೇಲಾ ಮೊದಲು ಪೊಲೀಸ್ ಆಗಿದ್ದವಳು. ಈಗ ಮನೆಯ ಸಾಲ ತೀರಿಸಲು ಗುಟ್ಟಾಗಿ ಬೇರೆ ದಂಪತಿಗೆ ಮಗು ಹೆತ್ತುಕೊಡುತ್ತಿದ್ದಾಳೆ. ರಾಕ್ಸಿ ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದವಳು, ಇಬ್ಬರು ಗಂಡುಮಕ್ಕಳ ತಾಯಿ, ನಾಲ್ಕು ದಿನದ ಪರಿಚಯದಲ್ಲಿ ಒಬ್ಬ ಸಿಪಾಯಿಯನ್ನು ಮದುವೆಯಾಗಿ ಬಂದವಳು. ಐದನೆಯವನು ರೋಲಂಡ್, ಮನೋವೈದ್ಯ. ಅವನ ಹೆಂಡತಿ ಜೋನ್ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್. ಅಫ್ಘಾನಿಸ್ತಾನದಿಂದ ಬಂದ ಮೇಲೆ ಅವಳು ಅವಳಾಗಿ ಉಳಿದಿಲ್ಲ.

ಮೊದಲ ಕಂತಿನಲ್ಲಿ ಪಮೇಲಾಗೆ ಇದ್ದಕ್ಕಿದ್ದಂತೆ ಹೆರಿಗೆ ನೋವು ಬರುತ್ತದೆ. ಆಸ್ಪತ್ರೆಗೆ ಹೋಗುವಷ್ಟು ಹೊತ್ತಿಲ್ಲ. ಬಾರ್‌ನಲ್ಲಿ ಪೂಲ್ ಆಡುವ ಟೇಬಲ್ ಮೇಲೆ ಮಲಗಿಸಿ, ಆಗಷ್ಟೇ ಪರಿಚಯವಾದವರೆಲ್ಲ ಸೇರಿ ಅವಳಿ ಮಕ್ಕಳ ಹೆರಿಗೆ ಮಾಡಿಸುತ್ತಾರೆ. ಬಾಣಂತನಕ್ಕೆ ಬಂದ ನಾನು ಆ ದೃಶ್ಯವನ್ನು ಎರಡು ಸಲ ನೋಡಿದೆ. ಹೆರಿಗೆ ಹೀಗೆಲ್ಲ ಆಗುತ್ತದಾ ಅಂತ ಯಾರಾದರೂ ಕೇಳಬಹುದು. ನನಗೆ ಬೇಕಾಗಿದ್ದದ್ದು ಅದಲ್ಲ. ಅಮ್ಮ ದೂರ, ಅತ್ತೆ ದೂರ, ಗಂಡ ಯುದ್ಧದಲ್ಲಿ. ಆಗ ಪಕ್ಕದಲ್ಲಿ ಯಾರಿದ್ದಾರೋ ಅವರೇ ತಾಯಿ. ಆ ಮಾತು ಸತ್ಯ. ನಾನು ಬರುವವರೆಗೆ ಮಗಳನ್ನು ನೋಡಿಕೊಂಡವರೂ ಅಂಥವರೇ. ಒಬ್ಬಳು ಟೆಕ್ಸಸ್ಸಿನವಳು, ಇನ್ನೊಬ್ಬಳು ಓಹಾಯೋದವಳು. ಭಾನುವಾರ ರಾತ್ರಿ ಅವರಿಬ್ಬರೂ ಮಕ್ಕಳನ್ನು ಮಲಗಿಸಿ ನಮ್ಮ ಮನೆಗೆ ಬರುತ್ತಿದ್ದರು. ಬರುವ ಮೊದಲು ಮರೆಯದೆ ಫೋನ್ ಮಾಡುತ್ತಿದ್ದರು.

ಅವರು ಧಾರಾವಾಹಿಯ ಜೊತೆ ಜಗಳ ಆಡುತ್ತಲೇ ನೋಡುವುದು. ಯೂನಿಫಾರ್ಮ್ ಮೇಲಿನ ಪಟ್ಟಿ ತಪ್ಪು, ಅವನ ಕೂದಲು ಜಾಸ್ತಿ ಉದ್ದ, ಹೀಗೆ. ಎಲ್ಲಕ್ಕಿಂತ ಅವರಿಗೆ ಒಪ್ಪದಿದ್ದ ವಿಷಯ ಸ್ನೇಹ. ಸಿಪಾಯಿಯ ಹೆಂಡತಿ ರಾಕ್ಸಿ, ನೆಲೆಯ ಮುಖ್ಯಸ್ಥನ ಹೆಂಡತಿ ಕ್ಲಾಡಿಯಾ ಜಾಯ್ ಮನೆಯಲ್ಲಿ ಕಾಲು ಚಾಚಿ ಕೂರುವುದುಂಟಾ? ಗಂಡನ ತೋಳಿನ ಮೇಲಿನ ಪಟ್ಟಿಯನ್ನು ಹೆಂಡತಿಯೂ ಹಾಕಿಕೊಂಡೇ ಓಡಾಡುವ ಜಾಗ ಅದು. ನಿಯಮದ ಪುಸ್ತಕದಲ್ಲಿ ಹೆಂಡತಿಗೆ ಯಾವ ದರ್ಜೆಯೂ ಇಲ್ಲ. ಆದರೆ ಚಹಾ ಕೂಟದಲ್ಲಿ ಇದೆ. ನಾನೇ ನೋಡಿದ್ದೇನೆ. ಫ್ಯಾಮಿಲಿ ರೆಡಿನೆಸ್ ಗ್ರೂಪ್ ಅಂತ ಮನೆಯವರದೊಂದು ಗುಂಪು ಆಗ ಇತ್ತು, ಆ ಸಭೆಗೆ ಮಗಳ ಜೊತೆ ಹೋಗಿದ್ದೆ. ಯಾರು ಎಲ್ಲಿ ಕೂರಬೇಕು ಅಂತ ಯಾರೂ ಹೇಳಲಿಲ್ಲ. ಆದರೂ ಅಧಿಕಾರಿಗಳ ಹೆಂಡತಿಯರು ಒಂದು ಕಡೆ, ಸಿಪಾಯಿಗಳ ಹೆಂಡತಿಯರು ಇನ್ನೊಂದು ಕಡೆ ಕೂತಿದ್ದರು.

ಈ ಧಾರಾವಾಹಿ ಮಾಡಿದವರು ಯಾರು ಅಂತ ತಿಳಿಯುವ ಆಸೆ ನನಗೆ ಆಗ ಹುಟ್ಟಿತು. ಹೆಸರುಗಳು ತೆರೆಯ ಮೇಲೆ ಬರುವಾಗ ಬರೆದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಪಾಠ ಮಾಡಿದವಳ ಅಭ್ಯಾಸ. ಕಥೆಗೆ ರೂಪ ಕೊಟ್ಟವರು ಕ್ಯಾಥರೀನ್ ಫ್ಯೂಗೇಟ್. ನಿರ್ಮಾಪಕರಲ್ಲಿ ಮಾರ್ಕ್ ಗಾರ್ಡನ್, ಡೆಬೊರಾ ಸ್ಪೆರಾ. ಎರಡನೇ ಸೀಸನ್‌ನಿಂದ ಬರವಣಿಗೆಯ ಜವಾಬ್ದಾರಿ ಹೊತ್ತು ನಡೆಸಿದವರು ಜೆಫ್ ಮೆಲ್ವಾಯ್ನ್. ಮಾರ್ಕ್ ಗಾರ್ಡನ್ ಹೆಸರು ಎಲ್ಲೋ ಕೇಳಿದ ಹಾಗಿತ್ತು. ಮಗಳು ಹುಡುಕಿ ಹೇಳಿದಳು. ಎರಡನೇ ಮಹಾಯುದ್ಧದ ಕಥೆಯ, 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ನಿರ್ಮಾಪಕರಲ್ಲೂ ಅವರು ಒಬ್ಬರು.

ಆ ಚಿತ್ರ ಅಂದರೆ ಎಲ್ಲರಿಗೂ ನೆನಪಾಗುವುದು ಕಡಲತೀರದ ಗುಂಡಿನ ಸುರಿಮಳೆ. ನನಗೆ ನೆನಪಿರುವುದು ಬೇರೆ. ಹೊಲದ ನಡುವೆ ಒಂಟಿ ಮನೆ. ಅಡುಗೆಮನೆಯ ಕಿಟಕಿಯಿಂದ ತಾಯಿ ನೋಡುತ್ತಾಳೆ. ದೂರದಲ್ಲಿ ಧೂಳೆಬ್ಬಿಸಿಕೊಂಡು ಕಾರು ಬರುತ್ತಿದೆ. ಅವಳು ಜಗಲಿಗೆ ಬರುತ್ತಾಳೆ. ಕಾರಿನಿಂದ ಅಧಿಕಾರಿ ಇಳಿಯುತ್ತಾನೆ, ಹಿಂದೆಯೇ ಪಾದ್ರಿ. ತಾಯಿಯ ಮುಖ ನಮಗೆ ಕಾಣುವುದಿಲ್ಲ, ಬೆನ್ನು ಮಾತ್ರ. ಒಂದು ಮಾತೂ ಇಲ್ಲ. ಕಾಲಿನ ಬಲ ಹೋಗಿ ಅಲ್ಲೇ ಕುಸಿದು ಕೂರುತ್ತಾಳೆ. ನನ್ನ ಮಗಳು ಸಿಂಕ್ ಹಿಡಿದು ಕುಸಿದದ್ದು ಥೇಟ್ ಹಾಗೇ. ಯುದ್ಧದ ಚಿತ್ರದಲ್ಲಿ ಎರಡು ನಿಮಿಷ ಬಂದುಹೋದ ಆ ಜಗಲಿಯನ್ನೇ ಹಿಡಿದು, ಅದನ್ನೇ ಏಳು ವರ್ಷದ ಕಥೆ ಮಾಡಿದ ಹಾಗೆ ನನಗೆ ಆರ್ಮಿ ವೈವ್ಸ್ ಕಾಣುತ್ತದೆ. ಅವರು ಹಾಗೆ ಯೋಚಿಸಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ನೋಡುವವಳಿಗೆ ಹಾಗೆ ಕಾಣುತ್ತದೆ.

ಇದಕ್ಕಾಗಿ ಆ ನಿರ್ಮಾಪಕರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಇರಾಕ್, ಅಫ್ಘಾನಿಸ್ತಾನ ಎರಡೂ ಕಡೆ ಯುದ್ಧ ನಡೆಯುತ್ತಿದ್ದಾಗಲೇ ತೆಗೆದ ಧಾರಾವಾಹಿ ಇದು. ಟ್ಯಾಂಕು, ಹೆಲಿಕಾಪ್ಟರ್ ತೋರಿಸಿ ಜನರನ್ನು ಹಿಡಿದಿಡಬಹುದಿತ್ತು. ಅವರು ಕ್ಯಾಮೆರಾವನ್ನು ಹೆಚ್ಚು ಹೊತ್ತು ಅಡುಗೆಮನೆಯಲ್ಲೇ ಇಟ್ಟರು.

ಆದರೆ ನನಗೊಂದು ದೊಡ್ಡ ದೂರು ಇದೆ. ಅದಕ್ಕೆ ಕಾರಣ ಒಂದು ಪುಸ್ತಕ. ಧಾರಾವಾಹಿಗೆ ಆಧಾರ ಟಾನ್ಯಾ ಬಿಯಾಂಕ್ ಬರೆದ 'ಅಂಡರ್ ದ ಸೇಬರ್ಸ್', 2006ರಲ್ಲಿ ಬಂದದ್ದು. ಬಿಯಾಂಕ್ ಸೈನಿಕನ ಮಗಳು, ಸೈನಿಕನ ಹೆಂಡತಿ, ಫಯೆಟ್‌ವಿಲ್‌ನದೇ ಪತ್ರಿಕೆಯಲ್ಲಿ ವರದಿಗಾರ್ತಿ. ಮಗಳ ಊರಿನ ಲೈಬ್ರರಿಯಿಂದ ಪುಸ್ತಕ ತಂದು, ಪದಕೋಶ ಪಕ್ಕದಲ್ಲಿಟ್ಟುಕೊಂಡು ಓದಿದೆ. 2002ರ ಬೇಸಿಗೆಯಲ್ಲಿ, ಸುಮಾರು ಆರು ವಾರದೊಳಗೆ, ಫೋರ್ಟ್ ಬ್ರ್ಯಾಗ್‌ನ ನಾಲ್ವರು ಸೈನಿಕರು ತಮ್ಮ ಹೆಂಡತಿಯರನ್ನು ಕೊಂದರು. ಅವರಲ್ಲಿ ಕೆಲವರು ಅಫ್ಘಾನಿಸ್ತಾನದಿಂದ ಆಗಷ್ಟೇ ಮರಳಿದವರು. ಬಿಯಾಂಕ್ ಆ ಸುದ್ದಿಗಳನ್ನು ಬರೆದವರು. ಪುಸ್ತಕ ಹುಟ್ಟಿದ್ದೇ ಅಲ್ಲಿಂದ.

ಆ ಪುಟ ಓದಿದ ದಿನ ನನಗೆ ಊಟ ಸೇರಲಿಲ್ಲ. ಅದೇ ಊರು. ನಾನು ದಿನಾ ಕಿಟಕಿಯಿಂದ ನೋಡುವ ಅದೇ ಪೈನ್ ಮರಗಳು. ಮಗಳಿಗೆ ಹೇಳಲೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಕೇಳಿಯೇಬಿಟ್ಟೆ. "ಗೊತ್ತಮ್ಮ" ಅಂದಳು. "ಇಲ್ಲಿ ಎಲ್ಲರಿಗೂ ಗೊತ್ತು. ಅವನು ವಾಪಸ್ ಬಂದ ಮೇಲೆ ನಾನು ಏನೇನು ಗಮನಿಸಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ." ಫ್ರಿಜ್ ಮೇಲೆ ಅಂಟಿಸಿದ್ದ ಕಾಗದ ತೋರಿಸಿದಳು. ನಿದ್ದೆ ಬರುತ್ತದಾ, ಕುಡಿತ ಹೆಚ್ಚಾಗಿದೆಯಾ, ಸಣ್ಣದಕ್ಕೆ ಸಿಟ್ಟು ಬರುತ್ತದಾ. ಅದರ ಪಕ್ಕದಲ್ಲೇ ನನ್ನ ಬಾಣಂತನದ ಸಾಮಾನಿನ ಚೀಟಿಯೂ ಇತ್ತು.

ಈಗ ಧಾರಾವಾಹಿ ಏನು ಮಾಡಿತು ನೋಡಿ. ಹೆಂಡತಿಯನ್ನು ಹೊಡೆಯುವ ಗಂಡನನ್ನು ಪಕ್ಕದ ಪಾತ್ರವಾಗಿ ಇಟ್ಟಿತು. ಮುಖ್ಯ ಮನೆಗಳ ಗಂಡಂದಿರೆಲ್ಲ ಒಳ್ಳೆಯವರು. ಮನೆಯೊಳಗಿನ ಹಿಂಸೆಯನ್ನು ಡೆನೀಸ್‌ನ ಮಗನ ಕೈಗೆ ಕೊಟ್ಟಿತು. ಆ ಕಥೆ ಚೆನ್ನಾಗಿಯೇ ಇದೆ, ತಾಯಿಯ ನಾಚಿಕೆಯನ್ನು ಅಷ್ಟು ಹತ್ತಿರದಿಂದ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ. ಮೊದಲ ಸೀಸನ್ ಕೊನೆಗೆ ಬಾರ್‌ನಲ್ಲಿ ಬಾಂಬ್ ಸಿಡಿಯುತ್ತದೆ. ಎರಡನೇ ಸೀಸನ್ ಶುರುವಿನಲ್ಲಿ ಗೊತ್ತಾಗುತ್ತದೆ, ಸತ್ತವಳು ಕ್ಲಾಡಿಯಾ ಜಾಯ್‌ಳ ಮಗಳು ಅಮಾಂಡಾ. ಯುದ್ಧಕ್ಕೆ ಹೋದವರು ಬದುಕಿದ್ದಾರೆ, ಮನೆಯಲ್ಲಿದ್ದ ಮಗು ಹೋಯಿತು. ದೊಡ್ಡ ಘಟನೆ, ದೊಡ್ಡ ಅಳು. ಆದರೆ ಆ ನಾಲ್ಕು ಮನೆಗಳಲ್ಲಿ ಆದದ್ದು ದೊಡ್ಡ ಶಬ್ದದಿಂದ ಶುರುವಾದದ್ದಲ್ಲ. ಪುಸ್ತಕದ ಬೇರು ಅದು. ನಿರ್ಮಾಪಕರು ಮರ ತಂದರು, ಬೇರನ್ನು ಅಲ್ಲೇ ಬಿಟ್ಟು ಬಂದರು. ಜೋನ್ ಪಾತ್ರದಲ್ಲಿ ಮಾತ್ರ ಆ ಬೇರಿನ ಒಂದು ಎಳೆ ಉಳಿದಿದೆ. ಯುದ್ಧದಿಂದ ಬಂದವಳು, ರಾತ್ರಿ ಮಲಗಲಾರಳು, ಗಂಡ ಮನೋವೈದ್ಯನಾದರೂ ಅವನಿಗೆ ಬಾಗಿಲು ತೆರೆಯಲಾರಳು. ರೋಲಂಡ್ ಆಗಿ ನಟಿಸಿದವರು ಸ್ಟರ್ಲಿಂಗ್ ಕೆ. ಬ್ರೌನ್. ಆಮೇಲೆ ಎಮ್ಮಿ ಪ್ರಶಸ್ತಿಗಳನ್ನು ಗೆದ್ದರು. ಹೆಂಡತಿಯ ಎದುರು ಸುಮ್ನೆ ಕೂತು ಕಾಯುವ ಅವರ ಮುಖ ನನಗೆ ಆಗಲೇ ಇಷ್ಟವಾಗಿತ್ತು.

ಚಿತ್ರೀಕರಣ ನಡೆದದ್ದು ಚಾರ್ಲ್ಸ್‌ಟನ್ ಸುತ್ತಮುತ್ತ. ಹಳೆಯ ಚಂದದ ಮನೆಗಳು, ಸಮುದ್ರದ ಗಾಳಿ. ಫಯೆಟ್‌ವಿಲ್ ಹಾಗಿಲ್ಲ. ಬ್ರ್ಯಾಗ್ ಬುಲೆವಾರ್ಡ್ ರಸ್ತೆಯಲ್ಲಿ ಹೋದರೆ ಸಾಲಾಗಿ ಒಡವೆ ಅಡವಿಟ್ಟುಕೊಳ್ಳುವ ಅಂಗಡಿ, ಹಚ್ಚೆ ಅಂಗಡಿ, ಹಳೇ ಕಾರು ಮಾರುವವರು. ಹತ್ತೊಂಬತ್ತು ವರ್ಷದ ಹುಡುಗರ ಸಂಬಳ ಎಲ್ಲಿ ಹೋಗುತ್ತದೆ ಅಂತ ಆ ರಸ್ತೆ ನೋಡಿದರೆ ಸಾಕು. ಪಮೇಲಾ ಸಾಲಕ್ಕಾಗಿ ಮಗು ಹೆತ್ತುಕೊಟ್ಟ ಕಥೆ ಆ ರಸ್ತೆಯ ಪಕ್ಕದಲ್ಲಿ ನಡೆದಿದ್ದರೆ ಇನ್ನೂ ಚುಚ್ಚುತ್ತಿತ್ತು.

ದುಡ್ಡಿನ ವಿಷಯ ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಮಗಳ ಹತ್ತಿರ ಒಂದು ಫೈಲ್ ಇತ್ತು. ಅವನು ಹೋಗುವ ಮೊದಲು ಇಬ್ಬರೂ ಕೂತು ತುಂಬಿಸಿದ ಕಾಗದಗಳು. ಸತ್ತರೆ ಯಾರಿಗೆ ಮೊದಲು ಹೇಳಬೇಕು, ಎಲ್ಲಿ ಮಣ್ಣು ಮಾಡಬೇಕು, ವಿಮೆ ಯಾರಿಗೆ. ಸೈನಿಕ ಸತ್ತರೆ ಕುಟುಂಬಕ್ಕೆ ತಕ್ಷಣ ಕೊಡುವ ಹಣ 2005ರವರೆಗೆ ಸುಮಾರು 12,000 ಡಾಲರ್ ಇತ್ತು. ಆ ವರ್ಷ ಅದನ್ನು 1,00,000 ಡಾಲರ್ ಮಾಡಿದರು. ಅದರ ಮೇಲೆ ಆಗ 4,00,000 ಡಾಲರ್‌ವರೆಗೆ ವಿಮೆ ಇತ್ತು. ಇಪ್ಪತ್ತಾರು ವರ್ಷದ ನನ್ನ ಮಗಳು ಈ ಅಂಕಿಗಳನ್ನು ತರಕಾರಿ ಬೆಲೆ ಹೇಳಿದ ಹಾಗೆ ಹೇಳಿದಳು. ಧಾರಾವಾಹಿಯಲ್ಲಿ ಈ ಫೈಲ್ ಒಂದು ಇಡೀ ಕಂತು ಆಗಬೇಕಿತ್ತು ಅನಿಸುತ್ತದೆ ನನಗೆ. ಗಂಡ ಹೆಂಡತಿ ಊಟದ ಮೇಜಿನ ಮೇಲೆ ಆ ಕಾಗದ ಹರಡಿಕೊಂಡು ಕೂತಿರುವುದು, ಅಷ್ಟೇ ಸಾಕು.

ಮೊಮ್ಮಗಳು ಆಗಸ್ಟ್‌ನಲ್ಲಿ ಹುಟ್ಟಿದಳು, ಫೋರ್ಟ್ ಬ್ರ್ಯಾಗ್‌ನ ವೊಮ್ಯಾಕ್ ಸೇನಾ ಆಸ್ಪತ್ರೆಯಲ್ಲಿ. ಅಳಿಯ ಫೋನ್‌ನಲ್ಲಿದ್ದ. ನಾವು ಮಾತಾಡಿದ್ದು ಅವನಿಗೆ ಎರಡು ಕ್ಷಣ ತಡವಾಗಿ ಕೇಳುತ್ತಿತ್ತು. ಮಗು ಅತ್ತು ಸುಮ್ಮನಾದ ಮೇಲೆ ಆ ಕಡೆಯಿಂದ ಅವನು ಅಳುವುದು ಕೇಳಿಸಿತು. ಆ ವರ್ಷ ಏಪ್ರಿಲ್‌ನಲ್ಲಿ ಅಧ್ಯಕ್ಷ ಬುಷ್ ಡಿಪ್ಲಾಯ್‌ಮೆಂಟ್ ಮತ್ತೆ ಹನ್ನೆರಡು ತಿಂಗಳಿಗೆ ಇಳಿಸುವುದಾಗಿ ಹೇಳಿದ್ದರು. ಆದರೆ ಆಗಸ್ಟ್ 1ರಿಂದ ಹೋಗುವವರಿಗೆ ಮಾತ್ರ. ಆಗಲೇ ಅಲ್ಲಿದ್ದವರಿಗೆ ಹದಿನೈದೇ. ಮೊದಲೇ ಹೋದದ್ದಕ್ಕೆ ಮಗಳು ಮೂರು ತಿಂಗಳು ಹೆಚ್ಚು ಕಾಯಬೇಕಾಯಿತು. ವೀಸಾದ ಆರು ತಿಂಗಳು ಮುಗಿದು 2009ರ ಜನವರಿಯಲ್ಲಿ ನಾನು ವಾಪಸ್ ಬಂದೆ. ಅವನು ಏಪ್ರಿಲ್‌ನಲ್ಲಿ ಕ್ಷೇಮವಾಗಿ ಮನೆಗೆ ಬಂದ.

ಆಮೇಲೆ ಧಾರಾವಾಹಿ ನಮ್ಮಿಬ್ಬರ ಫೋನ್ ಮಾತಿನ ಭಾಗವಾಯಿತು. ಅವಳು ಅಲ್ಲಿ ನೋಡುತ್ತಾಳೆ, ಸೋಮವಾರ ನನಗೆ ಕಥೆ ಹೇಳುತ್ತಾಳೆ. 2011ರಲ್ಲಿ ಒಂದು ದಿನ ಫೋನ್ ಮಾಡಿ ತುಂಬಾ ಹೊತ್ತು ಮಾತೇ ಆಡಲಿಲ್ಲ. ಡೆನೀಸ್‌ನ ಮಗ ಜೆರೆಮಿ ಅಫ್ಘಾನಿಸ್ತಾನದಲ್ಲಿ ಸತ್ತಿದ್ದ. ತಾಯಿಯನ್ನು ಹೊಡೆಯುತ್ತಿದ್ದ ಅದೇ ಹುಡುಗ. ಸೇನೆ ಸೇರಿ, ತಿದ್ದಿಕೊಂಡು, ಮನೆಯವರ ಪ್ರೀತಿ ಮತ್ತೆ ಗಳಿಸಿಕೊಂಡಿದ್ದ. ನಾಲ್ಕು ಸೀಸನ್ ಪೂರ್ತಿ ಬೆಳೆಸಿ ತಂದ ಪಾತ್ರವನ್ನು ಕೊಲ್ಲಲು ನಿರ್ಮಾಪಕರಿಗೆ ಧೈರ್ಯ ಬೇಕಿತ್ತು. ಅಲ್ಲಿ ಅವರು ಹಿಂದೆ ಸರಿಯಲಿಲ್ಲ, ಅದಕ್ಕೆ ನನ್ನ ಗೌರವ ಇದೆ. ಆದರೆ ಕ್ಲಾಡಿಯಾ ಜಾಯ್ ವಿಷಯದಲ್ಲಿ ಅವರು ಮಾಡಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆ ಪಾತ್ರ ಮಾಡುತ್ತಿದ್ದ ಕಿಮ್ ಡೆಲೇನಿ ಧಾರಾವಾಹಿ ಬಿಟ್ಟಿದ್ದರು. ಏಳನೇ ಸೀಸನ್ ಶುರುವಾಗುವಾಗ ಆ ಪಾತ್ರ ಆಗಲೇ ಸತ್ತಿತ್ತು. ತೆರೆಯ ಹಿಂದೆ. ಆರು ವರ್ಷ ಎಲ್ಲರ ಸಾವಿಗೆ ಪಕ್ಕದಲ್ಲಿ ನಿಂತವಳಿಗೆ ಅವಳ ಸಾವಿನ ಹೊತ್ತಲ್ಲಿ ನಾವು ಪಕ್ಕದಲ್ಲಿ ಇರಲಾಗಲಿಲ್ಲ.

ಆರನೇ ಸೀಸನ್‌ನಲ್ಲಿ ಜಿಲ್ ಬೈಡನ್ ತಾವಾಗಿಯೇ ಒಂದು ಕಂತಿನಲ್ಲಿ ಬಂದರು. ಆಗ ಉಪಾಧ್ಯಕ್ಷರ ಹೆಂಡತಿ. ಮಗಳಿಗೆ ಅದು ಸುಮ್ಮನೆ ಗಣ್ಯರ ಭೇಟಿ ಅನಿಸಲಿಲ್ಲ. ಅವರ ಮಗ ಬೋ ಬೈಡನ್ 2008ರ ಕೊನೆಗೆ ಇರಾಕ್‌ಗೆ ಹೋಗಿದ್ದರು. "ನಾನು ಕಾಯ್ತಿದ್ದಾಗ ಅವರೂ ಕಾಯ್ತಿದ್ರು ಅಮ್ಮ" ಅಂದಳು.

2013ರ ಜೂನ್ 9ಕ್ಕೆ ಮುಗಿಯಿತು. ಒಟ್ಟು 117 ಕಂತು. ಅಳಿಯ ಒಂದನ್ನೂ ಪೂರ್ತಿ ನೋಡಲಿಲ್ಲ. ಟಿವಿ ಹಾಕಿದ ತಕ್ಷಣ ಎದ್ದು ಗ್ಯಾರೇಜಿಗೆ ಹೋಗುತ್ತಿದ್ದನಂತೆ. ಮಗಳು ಯಾಕೆ ಅಂತ ಕೇಳಲಿಲ್ಲ. ಈಗ ಅವನು ನಿವೃತ್ತ. ಬೆಲ್ ಮೇಲಿನ ಟೇಪ್ ಯಾವಾಗ ತೆಗೆದರು ಅಂತ ನನಗೂ ಗೊತ್ತಿಲ್ಲ, ಅವಳಿಗೂ ನೆನಪಿಲ್ಲ.

ಮೊಮ್ಮಗಳಿಗೆ ಈಗ ಹದಿನೇಳು. ಹೈಸ್ಕೂಲಿನಲ್ಲಿ ಜೆಆರ್‌ಒಟಿಸಿ ತಗೊಂಡಿದ್ದಾಳೆ, ನಮ್ಮ ಎನ್‌ಸಿಸಿ ಇದ್ದ ಹಾಗೆ. ವಾರಕ್ಕೊಮ್ಮೆ ಯೂನಿಫಾರ್ಮ್ ಹಾಕಿಕೊಂಡು ಹೋಗುತ್ತಾಳೆ, ಶೂ ಅವಳೇ ಪಾಲಿಶ್ ಮಾಡಿಕೊಳ್ಳುತ್ತಾಳೆ. ಹೋದ ತಿಂಗಳಿಂದ ನಾವಿಬ್ಬರೂ ಹಳೆಯ ಡಿವಿಡಿ ನೋಡುತ್ತಿದ್ದೇವೆ. ನಾನು ಈ ಸಲ ಆರು ತಿಂಗಳಿಗೆ ಬಂದಿದ್ದೇನೆ. ಜೆರೆಮಿ ಅವಳಿಗೆ ತುಂಬಾ ಇಷ್ಟವಾಗಿದ್ದಾನೆ. "ಅವನು ಸರಿಹೋಗ್ತಾನೆ ಅಲ್ವಾ ಅಜ್ಜಿ?" ಅಂತ ನಿನ್ನೆ ರಾತ್ರಿ ಕೇಳಿದಳು. ಹೂಂ, ಸರಿಹೋಗ್ತಾನೆ ಅಂದೆ. ನಾವಿನ್ನೂ ಮೂರನೇ ಸೀಸನ್‌ನಲ್ಲಿದ್ದೇವೆ. ಅಡುಗೆಮನೆಯಲ್ಲಿದ್ದ ಮಗಳು ಅಲ್ಲಿಂದಲೇ ನನ್ನ ಮುಖ ನೋಡಿದಳು, ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ಶುರುಮಾಡಿದಳು.